ಎರಡನೆಯ ಈಡು

ತಮ್ಮನನ್ನು ಕ್ಷಮಿಸಿದ ಮೇಲಾದರೂ ನಿದ್ದೆ ಚೆನ್ನಾಗಿ ಬಂದೀತು ಎಂದು ಅವರು ಅಂದುಕೊಂಡಿದ್ದರು. ಬರಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು, ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಪ್ರಾರ್ಥನೆಗೆ ಕುಳಿತರೆ ಮನಸ್ಸು ನಡುವಿಗೆ ಬಂದು ನಿಲ್ಲಲೊಲ್ಲದು. ಎರಡೂ ತಟ್ಟೆ ಖಾಲಿ ಇರುವ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೆಗೇ ನಿಂತುಬಿಟ್ಟ ಹಾಗೆ. ಅಂಥ ತಕ್ಕಡಿಯನ್ನು ಅವರು ನೌಕರಿಯಲ್ಲಿದ್ದಾಗ ಮುದ್ರೆ ಒತ್ತದೆ ವಾಪಸು ಕಳಿಸುತ್ತಿದ್ದರು. ಅಂಗಡಿ ಅಂಗಡಿಗೂ ಹೋಗಿ ತೂಕದ ಕಲ್ಲು, ತಕ್ಕಡಿ ಪರೀಕ್ಷಿಸುವುದು, ಕೆಟ್ಟದ್ದನ್ನು ಬಿಚ್ಚಿ ಸರಿಮಾಡಿಕೊಡುವುದು ಅವರ ಕೆಲಸವಾಗಿತ್ತು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಅಂಗಡಿಯವನಿಗೆ ಸತ್ಯ, ನ್ಯಾಯ, ದೇವರು ತೂಗುವ ತೂಕ ಎಂದು ಪಾಠ ಹೇಳುತ್ತಿದ್ದುದರಿಂದ ಬೀದಿಯವರು ಅವರಿಗೆ ತಕ್ಕಡಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳದ ಅವರಿಗೆ ಆ ಹೆಸರು ಮೊದಮೊದಲು ಚುಚ್ಚುತ್ತಿತ್ತು. ಆಮೇಲೆ ಒಗ್ಗಿತು. ಮಗ ಸತ್ತ ಮೇಲೆ ಯಾರೂ ಅದನ್ನು ನಗುತ್ತ ಹೇಳಲಿಲ್ಲವಾದ್ದರಿಂದ ಅದು ಗೌರವದ ಹೆಸರೇ ಆಗಿಹೋಯಿತು. ಮಗನನ್ನು ಕೊಟ್ಟು ಗೌರವ ಕೊಂಡುಕೊಂಡೆನಲ್ಲ ಎಂದು ಒಮ್ಮೊಮ್ಮೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ದೇವರಲ್ಲಿ ತಪ್ಪೊಪ್ಪಿಕೊಂಡು ಏಳುತ್ತಿದ್ದರು.

ತಮ್ಮ ಬಂದು ಗೇಟಿನ ಹೊರಗೇ ನಿಂತಿದ್ದಾನೆಂದು ಹೆಂಡತಿ ಅಡಿಗೆಮನೆಯಿಂದಲೇ ಹೇಳಿದಳು. ಕರೆಯುವವರೆಗೆ ಒಳಗೆ ಬರದಿರುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಇಷ್ಟು ವರ್ಷ ಅವನು ಬಂದಾಗ ಹೆಚ್ಚಿನ ಸಲ ಅಣ್ಣ ಕಿಟಕಿಯಿಂದ ನೋಡಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಅತ್ತಿಗೆ ಗೇಟಿಗೇ ಹೋಗಿ ಅವನ ಮಾತು ಕೇಳಿಕೊಂಡು ಬರುವುದು, ಹೀಗೇ ನಡೆದಿತ್ತು. ಹೋದ ವಾರ ಮಾತ್ರ ಅವನು ಕರೆಯದೆಯೇ ಒಳಗೆ ಬಂದ. ಗಾರೆ ಕೆಲಸದ ಸಿಮೆಂಟಿನ ಧೂಳು ಕುಡಿದೂ ಕುಡಿದೂ ಎದೆಗೂಡು ಶಬ್ದ ಮಾಡುತ್ತಿತ್ತು. ಡಾಕ್ಟರು ಏನೋ ಹೇಳಿರಬೇಕು. ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತು, ನೆಲ ನೋಡುತ್ತ, "ಅಣ್ಣಾ, ನೀನು ಹೇಳಿದ್ದೇ ಸರಿ. ಎರಡನೇ ಟ್ರಿಗರೂ ನಾನೇ ಎಳೆದೆ" ಎಂದ. ಬಾಯಿಪಾಠ ಒಪ್ಪಿಸಿದ ಹಾಗಿತ್ತು ಆ ಮಾತು. ಆದರೆ ಅವರು ಆಗ ಅದನ್ನೆಲ್ಲ ತೂಗಿ ನೋಡಲಿಲ್ಲ. ಎದ್ದುಹೋಗಿ ತಬ್ಬಿಕೊಂಡರು. ತಮ್ಮನ ಬೆನ್ನಿನ ಮೂಳೆಗಳು ಕೈಗೆ ಸಿಕ್ಕಿದವು. ಇಬ್ಬರೂ ಅತ್ತರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ. ಸಂತೋಷಕ್ಕೆ ಅಳುತ್ತಿರಬೇಕೆಂದು ಅವರು ತಿಳಿದರು. ಅವಳು ಅವನನ್ನು ಎಂದೋ ಕ್ಷಮಿಸಿದ್ದಳು. ಕ್ಷಮಿಸುವುದಕ್ಕೆ ಏನಿದೆ ಎಂದೇ ಕೇಳಿದ್ದಳು. ನಿಮ್ಮ ಕ್ಷಮೆಗೆ ಇಷ್ಟೊಂದು ಷರತ್ತು ಯಾಕೆ ಎಂದು ಒಮ್ಮೆ ಕೇಳಿದಾಗ, ಹೆಂಗಸರ ಕರುಳು ಸತ್ಯಕ್ಕಿಂತ ಮೊದಲು ಕರಗುತ್ತದೆ ಎಂದು ಅವರು ಅವಳಿಗೂ ಪಾಠ ಹೇಳಿದ್ದರು.

ಮಗನ ಜೀವ ತೆಗೆದ ಕೋವಿಯನ್ನು ಮಾರಿಬಿಡಬೇಕೆಂದು ಅಂದೇ ನಿಶ್ಚಯವಾಯಿತು. ಪೋಲೀಸರು ವಿಚಾರಣೆ ಮುಗಿಸಿ ಬಿಟ್ಟುಕೊಟ್ಟಾಗಿನಿಂದ ಅದು ಪೇಟೆಯ ಕೋವಿ ಅಂಗಡಿಯ ಕಪಾಟಿನಲ್ಲೇ ಬಿದ್ದಿತ್ತು. ತಮ್ಮ ಅದನ್ನು ಮನೆಗೆ ತಂದಿರಲಿಲ್ಲ, ಯಾರಿಗೂ ಕೊಟ್ಟಿರಲೂ ಇಲ್ಲ. ಈಗ ಮಾರೋಣ ಎಂದರೆ ತಮ್ಮ, ಮಾರುವುದೇಕೆ, ಗುಜರಿಗೆ ಹಾಕೋಣ, ಸುತ್ತಿಗೆಯಲ್ಲಿ ಬಡಿದು ಹಾಕೋಣ, ನದಿಗೆ ಎಸೆಯೋಣ ಎಂದು ಏನೇನೋ ಅಂದ. ಅವರು ಒಪ್ಪಲಿಲ್ಲ. ಅಪ್ಪ ಕೊಂಡ ವಸ್ತು. ಅದಕ್ಕೊಂದು ಬೆಲೆ ಕಟ್ಟಿಸಿ, ದೋಷವಿದ್ದರೆ ದೋಷ ಹೇಳಿ, ನ್ಯಾಯವಾಗಿ ಮಾರಿ ಕೈತೊಳೆದುಕೊಳ್ಳಬೇಕು ಎಂದರು. ಇಬ್ಬರೂ ಒಟ್ಟಿಗೇ ಹೋಗಬೇಕು ಎಂದೂ ಹೇಳಿದರು. ತಮ್ಮ ಬಾಗಿಲ ಕಡೆ ನೋಡಿದ. ನಾಚಿಕೆಗೆ ಹಿಂಜರಿಯುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿತು. ಆ ನಾಚಿಕೆಯನ್ನು ದಾಟಿಸುವುದು ಅಣ್ಣನ ಕರ್ತವ್ಯವೆಂದೂ ಅನ್ನಿಸಿತು.

ಇವತ್ತು ಕೋವಿ ಅಂಗಡಿಗೆ ಹೋಗುವ ದಾರಿಯಲ್ಲಿ ತಮ್ಮ ಒಂದು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದ. ಪಕ್ಕಕ್ಕೆ ಬಾ ಎಂದರೆ ಬರುವನು, ನಾಲ್ಕು ಮಾರು ಹೋಗುವುದರೊಳಗೆ ಮತ್ತೆ ಹಿಂದೆ ಬೀಳುವನು. ಹೊಸದಾಗಿ ಬಣ್ಣ ಹೊಡೆದ ಬ್ಯಾಂಕು, ಬೀಗ ರಿಪೇರಿಯವನು, ಅರ್ಧ ಷಟರು ಎಳೆದ ಬಟ್ಟೆ ಅಂಗಡಿ. ಫುಟ್‌ಪಾತಿನ ಕಲ್ಲೊಂದು ಅಲ್ಲಾಡಿ ಅವರು ಎಡವಿದಾಗ ಹಿಂದಿನಿಂದ ಆ ದಪ್ಪ ಕೈ ಬಂದು ತೋಳು ಹಿಡಿದು, ಅವರು ನೆಟ್ಟಗಾದ ಕೂಡಲೇ ಬಿಟ್ಟುಬಿಟ್ಟಿತು, ಬಿಸಿ ಮುಟ್ಟಿದಂತೆ. ಈ ಕೈ ಎಂದು ಅವರ ಮನಸ್ಸು ತಟ್ಟನೆ ಅಂದಿತು. ಕ್ಷಮಿಸಿದ ಮೇಲೆ ಹಾಗೆ ಅನ್ನಬಾರದಾಗಿತ್ತು. ಆದರೆ ಈ ಕೈಯ ಈ ಬೆರಳಿನ ಮೇಲೆಯೇ ಅಲ್ಲವೇ ಅವರು ಇಷ್ಟು ವರ್ಷ ವಾದವನ್ನು ಕಟ್ಟಿ ನಿಲ್ಲಿಸಿದ್ದು. ಆ ದಿನ ಹುಚ್ಚು ಹಿಡಿದ ನಾಯಿಯೊಂದು ತಮ್ಮನ ಇಟ್ಟಿಗೆ ಅಂಗಳಕ್ಕೆ ನುಗ್ಗಿತ್ತು. ತಮ್ಮ ಕೋವಿ ತಂದು ಹೊಡೆದ. ಮೊದಲನೆಯ ಈಡಿಗೇ ನಾಯಿ ಬಿತ್ತು. ಒದೆತಕ್ಕೆ ನಳಿಗೆ ಮೇಲೆದ್ದಿತು, ಆ ಕ್ಷಣವೇ ಎರಡನೆಯ ಈಡೂ ಹಾರಿತು. ಮೋಟುಗೋಡೆಯ ಆಚೆ, ನಾಯಿ ಬಿತ್ತೇ ಎಂದು ನೋಡಲು ಅವರ ಮಗ ತಲೆ ಎತ್ತಿದ್ದ. ತಾನಾಗಿಯೇ ಹಾರಿತು ಎಂದ ತಮ್ಮ. ಅಂದೂ ಅದನ್ನೇ ಅಂದ, ಆಮೇಲೂ ಅದನ್ನೇ. ಆ ಕೋವಿಗೆ ಎರಡು ನಳಿಗೆ, ಎರಡು ಟ್ರಿಗರ್. ಮುಂದಿನ ಟ್ರಿಗರ್ ಎಳೆದರೆ ಕೆಳಗಿನ ನಳಿಗೆ, ಹಿಂದಿನದನ್ನು ಎಳೆದರೆ ಮೇಲಿನದು. ಬೆರಳು ಮುಂದಿನದನ್ನು ಬಿಡಬೇಕು, ಹಿಂದಕ್ಕೆ ಬರಬೇಕು, ಮತ್ತೆ ಬಾಗಬೇಕು. ಕೈತಪ್ಪಿ ಆಗುವುದು ಒಂದು ಸಲ; ಬೆರಳು ಜಾಗ ಬದಲಾಯಿಸುವುದು ಕೈತಪ್ಪಲ್ಲ. ಇದನ್ನು ಅವರು ಪೋಲೀಸರಿಗೆ ಹೇಳಿದರು, ನೆಂಟರಿಗೆ ಹೇಳಿದರು, ಪ್ರಾರ್ಥನೆಯಲ್ಲಿ ದೇವರಿಗೂ ವಿವರಿಸಿದರು. ತಮ್ಮ ಬೇಕೆಂದು ಕೊಂದ ಎಂದು ಅವರು ಯಾವತ್ತೂ ಹೇಳಲಿಲ್ಲ. ಹೆದರಿ ಎಳೆದೆ ಅನ್ನು, ಗಾಬರಿಗೆ ಎಳೆದೆ ಅನ್ನು, ಎಳೆದೆ ಎಂದು ಮಾತ್ರ ಅನ್ನು, ಆ ಕ್ಷಣವೇ ಕ್ಷಮಿಸುತ್ತೇನೆ ಎಂದಿದ್ದರು. ಗೇಟಿನಲ್ಲಿ ಎದುರು ಸಿಕ್ಕಾಗಲೆಲ್ಲ ಅವನು ತಲೆ ತಗ್ಗಿಸಿ, ಎಳೆಯಲಿಲ್ಲ ಅಣ್ಣಾ ಎನ್ನುತ್ತಿದ್ದ. ಅದರ ಮುಂದಕ್ಕೆ ಏನೋ ಇರುವ ಹಾಗೆ ಬಾಯಿ ತೆರೆದು, ಅಣ್ಣನ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದ.

ಕೋವಿ ಅಂಗಡಿಯನ್ನು ಈಗ ನಡೆಸುತ್ತಿದ್ದವಳು ಹಳೆಯ ಮಾಲೀಕನ ಹೆಂಡತಿ. ಗಂಡ ಹೋದ ಮೇಲೆ ಮುಚ್ಚುತ್ತಾಳೆಂದು ಎಲ್ಲರೂ ತಿಳಿದಿದ್ದರೆ ಆಕೆ ಒಂದು ದಿನವೂ ಮುಚ್ಚಿರಲಿಲ್ಲ. ಗಟ್ಟಿ ದನಿಯ ಹೆಂಗಸು, ತೋಳಿನವರೆಗೆ ಎಣ್ಣೆ. ಕಬ್ಬಿಣದ ಜಾಲರಿ ತೆಗೆದು ಇವರನ್ನು ಒಳಗೆ ಬಿಟ್ಟು, ಎಷ್ಟೋ ವರ್ಷಕ್ಕೆ ಅಣ್ಣತಮ್ಮಂದಿರ ಜೋಡಿ ದರ್ಶನ ಆಯ್ತಲ್ಲ, ನನ್ನ ಕಪಾಟಿಗೂ ಬಿಡುಗಡೆ ಸಿಕ್ಕಿತು ಎಂದಳು. ಒಳಗೆ ಎಣ್ಣೆ, ಹಳೆ ಮರ, ಸುಟ್ಟ ಮದ್ದು ಕೂಡಿದ ವಾಸನೆ. ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಉದ್ದವಾದ ಚೀಲ. ಆಕೆ ಚೀಲದ ಗುಂಡಿ ಬಿಚ್ಚಿದಾಗ ಅವರು ಕಣ್ಣು ತಪ್ಪಿಸಿ ಗೋಡೆಯ ಕ್ಯಾಲೆಂಡರು ನೋಡಿದರು. ಅದರಲ್ಲಿ ಹೋದ ತಿಂಗಳೇ ಇನ್ನೂ ಇತ್ತು. ನೋಡದೆ ಇರಲಾಗದೆ ನೋಡಿದಾಗ ಅದು ಅವರು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು, ಚೆಂದವಾಗಿತ್ತು. ಅದು ಅಷ್ಟು ಚೆಂದವಾಗಿರಬಾರದಾಗಿತ್ತು. ತಮ್ಮ ಬಾಗಿಲ ಹತ್ತಿರದ ಸ್ಟೂಲಿನ ತುದಿಯಲ್ಲಿ ಕುಳಿತು ತನ್ನ ಮೊಣಕಾಲು ನೋಡುತ್ತಿದ್ದ.

ಆಕೆ ಕೋವಿಯನ್ನು ಮಡಿಸಿ, ಎರಡು ನಳಿಗೆಗಳೂ ಖಾಲಿ ಇವೆಯೆಂದು ಬೆರಳು ಹಾಕಿ ನೋಡಿ, ನಳಿಗೆಗಳನ್ನು ಬೇರ್ಪಡಿಸಿ ಬೆಳಕಿಗೆ ಹಿಡಿದಳು. ಒಂದು ಬೆರಳಿನಿಂದ ನೇತುಹಾಕಿ ಉಗುರಿನಿಂದ ತಟ್ಟಿದಳು. ಗಂಟೆಯಂತೆ ಸದ್ದಾಯಿತು. ಬೆಸುಗೆ ಎಲ್ಲೂ ಬಿಟ್ಟಿಲ್ಲ, ಬಿಟ್ಟಿದ್ದರೆ ಒಡೆದ ಮಡಕೆ ಹಾಗೆ ಕೆಮ್ಮುತ್ತಿತ್ತು ಎಂದು ಹೇಳಿ, ತಮ್ಮ ಅದೇ ಹೊತ್ತಿಗೆ ಕೆಮ್ಮಿದ್ದರಿಂದ ಆಕೆಯೇ ನಾಲಿಗೆ ಕಚ್ಚಿಕೊಂಡಳು. ಮುಚ್ಚುವ ಸನ್ನೆಗೋಲು ಇನ್ನೂ ಬಲಕ್ಕೇ ನಿಲ್ಲುತ್ತದೆ, ಸವೆದಿದ್ದರೆ ನಡು ದಾಟಿ ಎಡಕ್ಕೆ ಹೋಗುತ್ತಿತ್ತು. ಹಿಂಬದಿಯ ಮರ ಒಳ್ಳೆಯದು. ಹಿಂದೆ ರಬ್ಬರು ಹಚ್ಚಿ ಉದ್ದ ಮಾಡಿದ್ದಾರೆ. ಮೊದಲು ಒಬ್ಬ ಮೋಟುಗೈಯವನ ಹತ್ತಿರ ಇತ್ತು, ಆಮೇಲೆ ಉದ್ದಗೈಯವನ ಹತ್ತಿರ ಹೋಗಿದೆ. ಆಕೆ ಯಾರದೋ ಜಾತಕ ಓದುವ ಹಾಗೆ ಓದುತ್ತ ಹೋದಳು. "ಇವು ಎರಡು ನಳಿಗೆ ಇದಾವಲ್ಲ ಯಜಮಾನ್ರೇ, ಅಣ್ಣತಮ್ಮಂದಿರ ಹಾಗೇನೇ. ಮೇಲೆ ಕೂತವನಿಗೆ ಮೆರವಣಿಗೆ, ಕೆಳಗಿರೋನಿಗೆ ದುಡಿಮೆ. ನೋಡಿ ಬೇಕಾದ್ರೆ, ಮೇಲಿಂದು ಮದುಮಗನ ಹಾಗಿದೆ. ಮೊದಲಿನ ಯಜಮಾನ ಎರಡನೇ ಈಡು ಹೊಡೆದಿದ್ದೇ ಕಮ್ಮಿ. ಅವನ ಬೆರಳು ಅಲ್ಲಿಗೆ ಬರೋ ಹೊತ್ತಿಗೆ ಹಾರೋ ಬಿಲ್ಲೆ ನೆಲಕ್ಕೆ ಬಿದ್ದು ಊಟ ಮಾಡ್ತಿತ್ತೇನೋ."

ಅವರು ನಗಲು ಪ್ರಯತ್ನಿಸಿದರು. ಮೋಟುಗೈಯವನು ಅವರೇ ಆಗಿದ್ದರು. ಮೈದಾನದಲ್ಲಿ ಗುರಿ ಹೊಡೆಯಲೆಂದು ಯಂತ್ರದಿಂದ ಮಣ್ಣಿನ ಬಿಲ್ಲೆಗಳನ್ನು ಜೋಡಿ ಜೋಡಿಯಾಗಿ ಹಾರಿಸುತ್ತಿದ್ದರು. ಮೊದಲನೆಯದನ್ನು ಅವರು ತಪ್ಪಿಸುತ್ತಿರಲಿಲ್ಲ. ಎರಡನೆಯದಕ್ಕೆ ಹಿಂದಿನ ಟ್ರಿಗರ್ ಕಲ್ಲಿನಂತೆ ಗಟ್ಟಿ, ಬೆರಳು ಮೋಟು. ಬಿಲ್ಲೆ ಅವರ ಕಣ್ಣ ಮುಂದೆಯೇ ಇಳಿದು ಹುಲ್ಲಿನಲ್ಲಿ ಮಲಗುತ್ತಿತ್ತು. ಅವರಿಗೆ ಹೆಣ್ಣು ಕೊಟ್ಟ ಮನೆಯವರು ನೋಡಲು ಬಂದಿದ್ದ ದಿನವೇ ಹಾಗಾಯಿತು. ಬೆನ್ನ ಹಿಂದೆ ಯಾರೋ, ಒಂದೇ ಈಡಿನ ಗಂಡು ಎಂದರು. ಎಲ್ಲರೂ ನಕ್ಕರು. ಮಾವನೂ ನಕ್ಕು, ನಕ್ಕದ್ದನ್ನು ಮುಚ್ಚಲು ಕರವಸ್ತ್ರ ತೆಗೆದರು. ಆ ಕರವಸ್ತ್ರದ ಅಂಚಿನ ನೀಲಿ ಗೆರೆ ಈಗಲೂ ಅವರಿಗೆ ಕಾಣುತ್ತದೆ. ಮಗನ ಮುಖವನ್ನು ನೆನಪಿಗೆ ತರಬೇಕಾದರೆ ಫೋಟೋ ನೋಡಬೇಕು. ಕರವಸ್ತ್ರದ ಗೆರೆಗೆ ಅದೂ ಬೇಡ. ಇಂಥದ್ದನ್ನು ಮಾತ್ರ ಚೊಕ್ಕಟವಾಗಿ ಕಾದಿಟ್ಟುಕೊಳ್ಳುವ ಮನಸ್ಸನ್ನು ದೇವರು ತಮಗೇಕೆ ಕೊಟ್ಟನೋ ಎಂದು ಯೋಚಿಸುತ್ತಿರುವಾಗಲೇ, ಅದರಾಚೆ ಇನ್ನೂ ಏನೋ ಇದೆ, ಆ ದಿನ ಸಂಜೆ ಮನೆಗೆ ಹೋದ ಮೇಲೆ ಏನೋ, ಎಂದು ಒಳಗೆ ಎಲ್ಲೋ ಅಲ್ಲಾಡಿದ ಹಾಗಾಯಿತು. ಗೇಟಿನ ಹೊರಗೆ ಯಾರೋ ನಿಂತ ಹಾಗೆ ಆ ನೆನಪು, ಕರೆಯುವವರೆಗೆ ಒಳಗೆ ಬರುವುದಿಲ್ಲ. ಅವರು ಕರೆಯಲಿಲ್ಲ.

ಅಷ್ಟರಲ್ಲಿ ತಮ್ಮ ಎದ್ದುನಿಂತು, ಇಷ್ಟು ನೋಡಿದ್ದು ಸಾಕು, ಒಂದು ಬೆಲೆ ಹೇಳಿಬಿಡಿ, ಅಣ್ಣನಿಗೆ ಬಿಸಿಲಾಗುತ್ತದೆ ಎಂದ. ಆಕೆ ಒಂದು ಬೆಲೆ ಹೇಳಿದಳು. ಅವರು ಎಣಿಸಿದ್ದಕ್ಕಿಂತ ಹೆಚ್ಚೇ ಇತ್ತು. ಆಯಿತು ಎಂದು ತಮ್ಮ ಅವಸರದಲ್ಲಿ ಚೀಲ ಮಡಿಸತೊಡಗಿದ. ಆ ಅವಸರ ಅವರಿಗೆ ಹಿಡಿಸಲಿಲ್ಲ. ತೂಕದ ಮೇಲೆ ಬೆರಳಿಟ್ಟ ಅಂಗಡಿಯವನ ಅವಸರದ ಹಾಗಿತ್ತು.

"ಹೊರಗಿಂದ ನೋಡಿದ್ದಾಯ್ತು. ಒಳಗೂ ನೋಡಿ ತಾಯಿ. ನಮಗೇ ಗೊತ್ತಿಲ್ಲದ ದೋಷ ಇನ್ನೊಬ್ಬರ ಮನೆಗೆ ಹೋಗಬಾರದು."

"ಬೇಡ ಅಣ್ಣಾ" ಎಂದ ತಮ್ಮ.

"ಯಾಕೆ ಬೇಡ?"

ತಮ್ಮ ಮಡಿಸಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಸ್ಟೂಲಿನ ತುದಿಗೆ ಕುಳಿತ.

ಆಕೆ ಎರಡು ಖಾಲಿ ತೋಟಾ ತುಂಬಿದಳು. ಮದ್ದಿಲ್ಲದವು, ಪರೀಕ್ಷೆಗೆಂದೇ ಇಟ್ಟುಕೊಂಡವು ಎಂದು ತೋರಿಸಿ ಕೋವಿ ಮುಚ್ಚಿ ಮುಂದಿನ ಟ್ರಿಗರ್ ಎಳೆದಳು. ಟಕ್. ಹಿಂದಿನದನ್ನು ಎಳೆದಳು. ಟಕ್. ಎರಡೂ ಸರಿ. ಪೋಲೀಸರೂ ಹೀಗೇ ನೋಡಿದ್ದರು ಎಂದು ಅವರು ನೆನಪಿಸಿಕೊಂಡರು, ಎರಡನ್ನೂ ಎಳೆದು, ಎರಡೂ ಸರಿ ಎಂದು ಬರೆದುಕೊಂಡಿದ್ದರು. ಒದೆತ ತಿಂದಾಗ ಹೇಗಿರುತ್ತದೋ ನೋಡೋಣ ಎಂದು ಆಕೆ ಮತ್ತೆ ಸಜ್ಜು ಮಾಡಿ, ಯಾವ ಟ್ರಿಗರನ್ನೂ ಮುಟ್ಟದೆ, ಕೋವಿಯ ಹಿಂಬದಿಯನ್ನು ನೆಲದ ರಬ್ಬರು ಹಾಸಿನ ಮೇಲೆ ಕುಟ್ಟಿದಳು. ಏನೂ ಆಗಲಿಲ್ಲ. ಅವರು ಉಸಿರು ಬಿಟ್ಟರು.  ಇನ್ನೊಮ್ಮೆ ಕುಟ್ಟಿದಳು. ಒಳಗಿನಿಂದ, ಯಾರ ಬೆರಳೂ ಇಲ್ಲದೆ, ಟಕ್ ಎಂದಿತು.

ಅದು ದೊಡ್ಡ ಸದ್ದೇನಲ್ಲ. ಪೆನ್ನಿನ ಮುಚ್ಚಳ ಹಾಕಿದಷ್ಟು. ಆಕೆ ಹುಬ್ಬು ಗಂಟಿಕ್ಕಿ ಮತ್ತೆ ಸಜ್ಜು ಮಾಡಿ ಕುಟ್ಟಿದಳು. ಒಮ್ಮೆ ಸುಮ್ಮನಿತ್ತು, ಒಮ್ಮೆ ಟಕ್ ಎಂದಿತು. ಪ್ರತಿಸಲವೂ ಮೇಲಿನ ನಳಿಗೆಯದೇ. ಇನ್ನೊಂದು ಸಲ ನೋಡಿ ಎಂದು ಅವರು ಕೇಳಿದರು. ಮತ್ತೆ ಇನ್ನೊಂದು ಸಲ ಎಂದರು. ನೀವೇ ನೋಡಿ ಎಂದು ಆಕೆ ಕೋವಿಯನ್ನು ಅವರ ಕೈಗೇ ಕೊಟ್ಟಳು. ಅವರು ಎರಡೂ ಕೈಯಲ್ಲಿ ನಳಿಗೆಯನ್ನು ಹಿಡಿದು, ಬೆರಳುಗಳನ್ನು ಟ್ರಿಗರಿನಿಂದ ಆದಷ್ಟು ದೂರವಿಟ್ಟು ಕುಟ್ಟಿದರು. ಟಕ್ ಎಂದದ್ದು ಅಂಗೈಯಿಂದ ಹತ್ತಿ ಮೊಣಕೈಗೆ ಬಂತು. ಅವರು ತಮ್ಮನ ಕಡೆ ನೋಡಿದರು. ತಮ್ಮ ಕಣ್ಣು ಮುಚ್ಚಿಕೊಂಡಿದ್ದ. ಹಾಗಾದರೆ ಹೋದ ವಾರ ಅವನು ಹೇಳಿದ್ದು ಸುಳ್ಳು. ಎಳೆಯಲಿಲ್ಲ ಅಣ್ಣಾ ಎಂದು ಇಷ್ಟು ವರ್ಷ ಗೇಟಿನಲ್ಲಿ ನಿಂತು ಹೇಳಿದ್ದು ನಿಜ. ತಾವು ಕ್ಷಮಿಸಿದ್ದು ಆಗದೇ ಇದ್ದ ತಪ್ಪನ್ನು. ಸಾಯುವ ಮೊದಲು ಅಣ್ಣನ ಮನೆಯೊಳಗೆ ಒಮ್ಮೆ ಕಾಲಿಡಬೇಕೆಂದು ಅವನು ಆ ತಪ್ಪನ್ನು ಹೊತ್ತು ತಂದು ಒಪ್ಪಿಸಿದ್ದ. ತಾವು ಅದನ್ನು ತೂಗಿ ನೋಡದೆ ಮುದ್ರೆ ಒತ್ತಿದ್ದರು.

ಇಷ್ಟಕ್ಕೇ ನಿಲ್ಲಬಹುದಿತ್ತು. ಇಷ್ಟಾದರೂ ತಮ್ಮನ ಕಾಲು ಹಿಡಿದು ಅತ್ತುಬಿಡಬಹುದಾಗಿತ್ತು; ಅದಕ್ಕೂ ಒಂದು ನೆಮ್ಮದಿ ಇರುತ್ತಿತ್ತು. ಆದರೆ ಆಕೆ ಸುಮ್ಮನಿರುವವಳಲ್ಲ. ಕಾರ್ಖಾನೆಯವರು ಹೀಗೆ ಮಾಡಿ ಕಳಿಸುವುದಿಲ್ಲ, ಯಾರೋ ಒಳಗೆ ಕೈಯಾಡಿಸಿದ್ದಾರೆ ಎನ್ನುತ್ತ ಸ್ಕ್ರೂ ತಿರುಗಿಸಿ ಹಿಂಬದಿಯ ಮರವನ್ನೇ ಬಿಚ್ಚಿದಳು. ಒಳಗೆ ಜೋಡಿ ಸುತ್ತಿಗೆಗಳು, ಒಂದೊಂದನ್ನೂ ಹಿಡಿದು ನಿಲ್ಲಿಸುವ ಒಂದೊಂದು ಕೊಂಡಿ. ಮೇಲಿನ ನಳಿಗೆಯ ಕೊಂಡಿಯನ್ನು ಚಿಮಟದಿಂದ ತೆಗೆದು ಬೆಳಕಿಗೆ ಹಿಡಿದಳು. ಹಿಡಿಯಬೇಕಾದ ಅಂಚು ಸವೆದು ದುಂಡಗಾಗಿತ್ತು. ಬರೀ ಬಳಸಿ ಸವೆದದ್ದಲ್ಲ, ಯಾರೋ ಉಜ್ಜಿದ್ದಾರೆ, ಟ್ರಿಗರ್ ಹಗುರವಾಗಲೆಂದು ಉಜ್ಜಿದ್ದಾರೆ, ಮಿಕ್ಕದ್ದನ್ನು ಬಳಕೆ ಸವೆಸಿದೆ ಎಂದಳು. ಆಮೇಲೆ ದನಿ ಬದಲಾಯಿತು. ಅಡಿಗೆ ಕೆಟ್ಟಿದ್ದರೂ ಹೆಚ್ಚಿದ ತರಕಾರಿ ನೋಡಿ ಮೆಚ್ಚುವವರ ದನಿ. ಇದು ಕೋವಿ ಕೆಲಸದವನ ಕೈಯಲ್ಲ, ಅವರು ಅರ ಹಾಕಿ ನೇರ ಎಳೆಯುತ್ತಾರೆ. ಇದು ಎಣ್ಣೆ ಹಾಕಿದ ಸಾಣೆಗಲ್ಲಿನ ಕೆಲಸ, ಚಿಕ್ಕ ಚಿಕ್ಕ ಸುತ್ತು, ಒಂದರ ಮೇಲೊಂದು, ಕನ್ನಡಿಯಂತೆ. ಮಾಡಬಾರದ ಕೆಲಸ, ಆದರೆ ಎಷ್ಟು ಚೊಕ್ಕಟವಾಗಿ ಮಾಡಿದ್ದಾನೆ ಪುಣ್ಯಾತ್ಮ ಎಂದಳು.

ಅವರು ಜೇಬಿನಿಂದ ಭೂತಗನ್ನಡಿ ತೆಗೆದರು. ನೌಕರಿ ಬಿಟ್ಟರೂ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದನ್ನು ಬಿಟ್ಟಿರಲಿಲ್ಲ. ನೋಡಬೇಕಾದ ಅಗತ್ಯವೇನೂ ಇರಲಿಲ್ಲ. ತಕ್ಕಡಿಯ ದಂಡಿಗೆಯ ನಡುವಿನ ಉಕ್ಕಿನ ಅಲಗನ್ನು ಅವರು ಹೀಗೆಯೇ ಉಜ್ಜುತ್ತಿದ್ದರು, ಎಡದಿಂದ ಬಲಕ್ಕೆ ಚಿಕ್ಕ ಸುತ್ತು, ಸಾಸಿವೆಯಷ್ಟು. ನೇರ ಎಳೆದರೆ ಗೆರೆ ಉಳಿಯುತ್ತದೆ, ಸುತ್ತಿದರೆ ಉಳಿಯುವುದಿಲ್ಲ ಎಂದು ಅವರೇ ಕಂಡುಕೊಂಡದ್ದು. ಗಾಜಿನೊಳಗೆ ಸುತ್ತುಗಳು ಎದ್ದುಬಂದವು, ಅವರದೇ ಸಹಿಯಂತೆ. ಗೇಟಿನ ಹೊರಗೆ ನಿಂತಿದ್ದದ್ದು ಆಗ ಒಳಗೆ ಬಂತು. ಮೈದಾನದಿಂದ ಬಂದ ಆ ಸಂಜೆ. ಊಟ ಬೇಡವೆಂದು ಕೋವಿ ಬಿಚ್ಚಿ ಕುಳಿತದ್ದು. ಆಗಿನ್ನೂ ಮದುವೆಯಾಗದ ತಮ್ಮ ಪಕ್ಕದಲ್ಲಿ ಕೂತು ದೀಪ ಹಿಡಿದಿದ್ದ. ಹೊಸದಾಗಿ ಮನೆ ತುಂಬಿದ್ದ ಹೆಂಡತಿ ಎಣ್ಣೆ ಒರೆಸಲು ಹಳೆ ಬಟ್ಟೆಯ ಚೂರು ಹರಿದು ಹರಿದು ಕೊಡುತ್ತಿದ್ದಳು. ಸಾಕಲ್ಲವಾ ಅಣ್ಣಾ ಎಂದಿದ್ದ ತಮ್ಮ. ಇನ್ನೊಂದು ಸುತ್ತು ಎಂದಿದ್ದರು ಅವರು. ಆಮೇಲೆ ಎರಡು ವರ್ಷ ಎರಡನೆಯ ಬಿಲ್ಲೆಯನ್ನೂ ಅವರು ತಪ್ಪಿಸಲಿಲ್ಲ. ಮಗ ಹುಟ್ಟಿದ ಮೇಲೆ, ಜೀವ ತೆಗೆಯುವ ವಸ್ತು ಮನೆಯಲ್ಲಿ ಬೇಡವೆಂದು, ದೇವರ ಕಡೆ ಮನಸ್ಸು ತಿರುಗಿದವರಾಗಿ, ಕೋವಿಯನ್ನು ತಮ್ಮನಿಗೆ ಕೊಟ್ಟುಬಿಟ್ಟರು. ಟ್ರಿಗರ್ ಸ್ವಲ್ಪ ಹಗುರ, ಜೋಪಾನ ಎಂದು ಹೇಳಿದ್ದರೋ ಇಲ್ಲವೋ. ಹೇಳಿದ್ದೆ ಎಂದು ಮನಸ್ಸು ಹೇಳಿತು. ಮನಸ್ಸು ಅದನ್ನು ಹೇಳಿದ ಬಗೆ ಬಾಯಿಪಾಠ ಒಪ್ಪಿಸಿದ ಹಾಗಿತ್ತು.

ಆಕೆ, ಕೊಳ್ಳುವವನಿಗೆ ಹೇಳಬೇಕಾಗುತ್ತದೆ, ಪೋಲೀಸು ಕಾಗದ ಇರುವ ಕೋವಿ, ನಾಳೆ ನನ್ನ ತಲೆಗೆ ಬರಬಾರದು ಎಂದು ಸೇರಿಸಿ ಕೇಳಿದಳು: "ಇದನ್ನ ಉಜ್ಜಿದ್ದು ಯಾರು?"

ಕೇಳಿದರೆ ಸತ್ಯ ಹೇಳಬೇಕು, ಕೇಳಿದಾಗ ಸುಮ್ಮನಿರುವುದೂ ಸುಳ್ಳೇ ಎಂದು ಅವರು ಎಷ್ಟು ಅಂಗಡಿಗಳಲ್ಲಿ ಹೇಳಿರಲಿಲ್ಲ. ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಅವರಿಗೆ ಕೇಳಿರಲಿಲ್ಲ, ಪೋಲೀಸರು ಕೇಳಿರಲಿಲ್ಲ, ನೆಂಟರು ಕೇಳಿರಲಿಲ್ಲ. ಈಗ ಕೇಳಿದ್ದಾರೆ. ಬಾಯಿ ತೆರೆದರು. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುವಷ್ಟು ಹೊತ್ತು, ಅಷ್ಟೇ ಹೊತ್ತು ತಡವಾಯಿತು ಎಂದು ಅವರು ಆಮೇಲೆ ತಮಗೆ ತಾವೇ ಹೇಳಿಕೊಳ್ಳಬಹುದಾಗಿತ್ತು.

"ನಾನೇ" ಎಂದ ತಮ್ಮ ಸ್ಟೂಲಿನಿಂದ.

ಆಕೆ ತಿರುಗಿ ಅವನ ಕೈ ನೋಡಿದಳು. ಗಾರೆ ತಿಂದು ಬಿರಿದ, ಬಾಳೆಕಾಯಿಯಂಥ ಬೆರಳುಗಳು, ತೊಡೆಯ ಮೇಲೆ ಸಣ್ಣಗೆ ನಡುಗುತ್ತಿದ್ದವು. "ಈ ಕೈಯಲ್ಲಾ? ಈ ಕೈಯಲ್ಲಿ ಸೂಜಿಗೆ ದಾರ ಪೋಣಿಸಿ ತೋರಿಸಿ, ಕೋವಿ ನಿಮಗೇ ಪುಕ್ಕಟೆ ಬಿಡ್ತೀನಿ" ಎಂದು ನಕ್ಕಳು. ತಮ್ಮನೂ ನಕ್ಕ. ಆಗ ವಯಸ್ಸಿತ್ತು, ಕೈ ನಡುಗುತ್ತಿರಲಿಲ್ಲ ಎಂದ. ಹೇಳುತ್ತಲೇ ಅಣ್ಣನ ಕಡೆ ನೋಡಿ, ಆಕೆಗೆ ಕಾಣದಂತೆ, ತಲೆಯನ್ನು ಒಂದಿಷ್ಟೇ ಅಡ್ಡಡ್ಡ ಆಡಿಸಿದ. ಚಿಕ್ಕವನಿದ್ದಾಗ ಅಣ್ಣನಿಗೆ ಬೀಳಬೇಕಾದ ಅಪ್ಪನ ಏಟಿಗೆ ತಾನೇ ಬೆನ್ನು ಕೊಡುವ ಮೊದಲು ಹೀಗೆಯೇ ತಲೆಯಾಡಿಸುತ್ತಿದ್ದ. ಗೇಟಿನಲ್ಲಿ ನಿಂತು, ಎಳೆಯಲಿಲ್ಲ ಅಣ್ಣಾ ಎಂದು ಬಾಯಿ ತೆರೆದು ಮುಚ್ಚಿಕೊಳ್ಳುತ್ತಿದ್ದುದು ಇದನ್ನೇ ಎಂದು ಅವರಿಗೆ ಸ್ಪಷ್ಟವಾಯಿತು. ನೀನು ಉಜ್ಜಿದ್ದೆಯಲ್ಲ ಎಂಬ ಒಂದೇ ಮಾತು ಸಾಕಾಗುತ್ತಿತ್ತು ಅವನಿಗೆ. ಅದನ್ನು ಹೇಳದೆ ಅವನು ಗೇಟಿನ ಹೊರಗೆ ಮುದುಕನಾದ. ಎಲ್ಲಕ್ಕಿಂತ ಕೆಟ್ಟದ್ದು ಇದಲ್ಲ. ಅವನು ನಾನೇ ಎಂದಾಗ ಅವರ ಎದೆಯೊಳಗೆ ಏನೋ ಸಡಿಲವಾಗಿ ಕೆಳಗಿಳಿದು ಕುಳಿತಿತ್ತು, ಮುಳ್ಳು ನಡುವಿಗೆ ಬಂದ ಹಾಗೆ. ಅದು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

ಅವರು ಭೂತಗನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಆಕೆ ಕೊಂಡಿಯನ್ನು ಸಣ್ಣ ಡಬ್ಬಿಗೆ ಹಾಕಿ, ಹೊಸದು ಮಾಡಿ ಕೂಡಿಸಿದ ಮೇಲೆ ಬೆಲೆ ಹೇಳುತ್ತೇನೆ, ಹೀಗೇ ಮಾರುವುದಾದರೆ ಬಿಡಿಭಾಗದ ಬೆಲೆ ಅಷ್ಟೇ ಎಂದಳು. ತಮ್ಮ ಎಲ್ಲದಕ್ಕೂ ಆಗಲಿ ಎಂದ. ಬೀದಿಗೆ ಬಂದರು. ಬಿಸಿಲು ಏರಿತ್ತು. ಈಗ ಅವರೇ ಒಂದು ಹೆಜ್ಜೆ ಹಿಂದೆ ಬಿದ್ದಿದ್ದರು. ತಮ್ಮ ನಿಂತು ನಿಂತು ಕಾಯುತ್ತಿದ್ದ, ರಸ್ತೆ ದಾಟುವಾಗ ತೋಳು ಹಿಡಿದ, ಈ ಸಲ ಬಿಡಲಿಲ್ಲ. ಬ್ಯಾಂಕಿನ ಹತ್ತಿರ ಬಂದಾಗ ಉಸಿರು ಹಿಡಿಯಲು ನಿಂತು, ಅತ್ತ ಕಡೆ ನೋಡುತ್ತ ಹೇಳಿದ, "ಆಕೆ ಏನೋ ವ್ಯಾಪಾರಕ್ಕೆ ಹೇಳ್ತಾಳೆ, ಬಿಡು. ನಾನು ಎಳೆದೆ, ನೀನು ಕ್ಷಮಿಸಿದೆ. ಅದು ಹಂಗೇ ಇರ್ಲಿ ಅಣ್ಣಾ. ಅತ್ತಿಗೆಗೆ ಏನೂ ಹೇಳೋಕೆ ಹೋಗ್ಬೇಡ." ಬೇಡಿಕೊಳ್ಳುವ ದನಿ. ಕ್ಷಮಿಸಿದ್ದನ್ನು ವಾಪಸು ತೆಗೆದುಕೊಳ್ಳಬೇಡ ಎಂದು ಬೇಡಿಕೊಳ್ಳುವ ದನಿ. ಅವರು ಹೂಂ ಎಂದರು. ಆ ಹೂಂ ಅನ್ನು ಹೇಳಿದವರು ಯಾರು ಎಂದು ನೋಡುವ ಹಾಗೆ ಬ್ಯಾಂಕಿನ ಗಾಜಿನ ಬಾಗಿಲ ಕಡೆ ತಿರುಗಿದರು. ಬಿಳಿ ಅಂಗಿಯ ಮುದುಕನೊಬ್ಬ, ಅವನ ತೋಳು ಹಿಡಿದ ಇನ್ನೊಬ್ಬ ಮುದುಕ. ಹಿಡಿದವನೇ ಹಿರಿಯನಂತೆ ಕಾಣುತ್ತಿದ್ದ.

ಹೆಂಡತಿಗೆ ಏನೂ ಹೇಳಬಾರದು. ಇಷ್ಟು ವರ್ಷ ಒಂಟಿಯಾಗಿ ಸಹಿಸಿದವಳು, ಅವಳಿಗೆ ಈ ವಯಸ್ಸಿನಲ್ಲಿ ಇದನ್ನು ಹೇಳಿ ಕೊಲ್ಲಬಾರದು. ದೇವರಿಗೆ ಹೇಳಿದರಾಯಿತು, ದೇವರಿಗೆ ಗೊತ್ತೇ ಇದೆ. ಹೀಗೆ ಗೇಟಿನವರೆಗೆ ಬಂದರು. ಗೇಟಿನ ಸದ್ದಿಗೆ ಅವಳು ಬಾಗಿಲಿಗೆ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೊದಲು ಮೈದುನನ ಮುಖ ನೋಡಿದಳು, ಆಮೇಲೆ ಗಂಡನ ಮುಖ. ಎಷ್ಟಕ್ಕೆ ಹೋಯಿತು ಎಂದು ಕೇಳಲಿಲ್ಲ. ಯಾಕೆ ಇಷ್ಟು ತಡ ಎಂದು ಕೇಳಲಿಲ್ಲ.

"ಬಿಚ್ಚಿ ನೋಡಿದ್ರಾ?" ಎಂದು ಕೇಳಿದಳು.

ಹಳೆ ಬಟ್ಟೆಯ ಚೂರು ಹಿಡಿದ ಎಳೆಯ ಕೈ ಆ ಸಂಜೆಯ ದೀಪದ ಬೆಳಕಿಗೆ ಬಂತು. ಅವಳು ಅಂದು ಬಟ್ಟೆಯನ್ನಷ್ಟೇ ಕೊಟ್ಟಿರಲಿಲ್ಲ. ಹೊಸ ಮನೆಯಲ್ಲಿ ಗಂಡಸರ ಕೆಲಸದ ಬಗ್ಗೆ ಮಾತಾಡಬಹುದೋ ಬಾರದೋ ಎಂದು ಅಂಜುತ್ತ, ಇದು ಹಿಡ್ಕೊಳ್ಳೋ ಕೊಂಡಿ ಅಲ್ವಾ, ಹೀಗೆ ಸವೆಸಿದರೆ ಎಂದಾದರೂ ತಾನೇ ಜಾರಲ್ವಾ ಎಂದು ಕೇಳಿದ್ದಳು. ಅವರು ನಕ್ಕಿದ್ದರು. ತಮ್ಮನ ಕಡೆ ತಿರುಗಿ, ನಿಮ್ಮತ್ತಿಗೆಗೆ ಬಾಗಿಲ ಚಿಲಕದ ಯೋಚನೆ ಎಂದು ನಕ್ಕಿದ್ದರು. ಅವಳೂ ನಾಚಿ ನಕ್ಕಿದ್ದಳು. ಕ್ಷಮಿಸುವುದಕ್ಕೆ ಏನಿದೆ ಎಂದು ಅವಳು ಕೇಳುತ್ತಿದ್ದುದು ಮೈದುನನ ಬಗ್ಗೆಯಾಗಿತ್ತು. ಹಾಗಾದರೆ ಇಷ್ಟು ವರ್ಷ ಪ್ರತಿದಿನ ಬೆಳಿಗ್ಗೆ, ತಾವು ಗೋಡೆಯ ಕಡೆ ಮುಖ ಮಾಡಿ ತಮ್ಮನ ಸುಳ್ಳನ್ನು ದೇವರಿಗೆ ಒಪ್ಪಿಸುವಾಗ, ಬೆನ್ನ ಹಿಂದೆ ಅಡಿಗೆಮನೆಯಲ್ಲಿ ಪಾತ್ರೆ ಸದ್ದಾಗದಂತೆ ಇಡುತ್ತ ಅವಳು ಕ್ಷಮಿಸುತ್ತಿದ್ದುದು ಯಾರನ್ನು?

ತಮ್ಮ ಗೇಟಿನ ಹೊರಗೇ ನಿಂತಿದ್ದ.

"ಅದು ನನ್ನ ಕೆಲಸ" ಎಂದರು ಅವರು. ದನಿ ಹೊರಗೆ ಬಂತೋ ಇಲ್ಲವೋ ತಿಳಿಯಲಿಲ್ಲ.

"ಗೊತ್ತು" ಎಂದಳು ಅವಳು. ಬಾಗಿಲಿಂದ ಪಕ್ಕಕ್ಕೆ ಸರಿದು, "ಅವನ್ನ ಒಳಗೆ ಕರೀರಿ. ನೀವು ಕೈ ತೊಳ್ಕೊಳ್ಳಿ, ಎಣ್ಣೆ ಆಗಿದೆ" ಎಂದು ಒಳಗೆ ಹೋದಳು.

ಅವರು ತಮ್ಮನನ್ನು ಕರೆದರು. ಆಮೇಲೆ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ, ಸಾಬೂನು ತೆಗೆದುಕೊಂಡು ಕೈ ಉಜ್ಜತೊಡಗಿದರು. ಎಣ್ಣೆ ಬೇಗನೆ ಹೋಯಿತು. ಅವರು ನಿಲ್ಲಿಸಲಿಲ್ಲ. ನೀರು ಹರಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ನೋಡಿದಾಗ ಬಲಗೈಯ ಹೆಬ್ಬೆರಳು ಎಡ ಅಂಗೈಯ ಮೇಲೆ ಎಡದಿಂದ ಬಲಕ್ಕೆ, ಸಾಸಿವೆಯಷ್ಟು, ಸುತ್ತು ಸುತ್ತಾಗಿ ಉಜ್ಜುತ್ತಿತ್ತು. ನಡುಮನೆಯಿಂದ ತಮ್ಮ, ಸಾಕಲ್ಲವಾ ಅಣ್ಣಾ ಎಂದು ಕೂಗಿದ.